ಜಗಲಿಗೆ ದುಡ್ಡು ಸುರಿದು ಕಟ್ಟಿದ ಶಾಲೆ

"ಜಗಲಿಗೆ ಇಷ್ಟು ಜಾಗ ಯಾಕ್ರೀ, ಅದೇ ದುಡ್ಡಲ್ಲಿ ಇನ್ನೊಂದು ರೂಮು ಬರುತ್ತಲ್ಲ" ಅಂತ ಎಂಜಿನಿಯರಿಂದ ಹಿಡಿದು ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರೆಗೆ ಎಲ್ಲರದ್ದೂ ಒಂದೇ ರಾಗ. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ ನಾನು ಕಟ್ಟಿದ ಆ ಕಿರಿಯ ಪ್ರಾಥಮಿಕ ಶಾಲೆ ಈಗ ಎರಡು-ಮೂರು ಮಳೆಗಾಲ ಕಂಡಿದೆ. ಅಂದು ಹಾಗೆ ಅಂದವರೇ ಬೇರೆ ಊರವರನ್ನು ಕರ್ಕೊಂಡು ಬಂದು ತೋರಿಸುತ್ತಾರೆ.

ಎರಡು ಕೋಣೆ, ಮುಂದೆ 10 ಅಡಿ ಜಗಲಿ, ಅಷ್ಟೇ. ನಲಿಕಲಿ, ಅಂದರೆ ಚಿಕ್ಕ ತರಗತಿಗಳು ಒಟ್ಟಿಗೆ ಚಟುವಟಿಕೆಯಿಂದ ಕಲಿಯುವ ಪದ್ಧತಿಯ ಮಕ್ಕಳು ಐದು ತಟ್ಟೆಯಾಗಿ (ಗುಂಪಿಗೆ ಅಲ್ಲಿ ತಟ್ಟೆ ಅಂತಾರೆ) ನೆಲದಲ್ಲಿ ಹರಡಿ ಕೂತರೆ ಮೇಷ್ಟ್ರಿಗೆ ಕಾಲಿಡಲು ಜಾಗವಿರಲ್ಲ. ಎರಡು ಗುಂಪು ಜಗಲಿಗೆ ಬಂದರೆ ಸಲೀಸು. ಪಡುವಣ ಗಾಳಿಯ ಎರಚಲಿಗೆ ಹೆದರಿ ಜಗಲಿಯನ್ನು ಪೂರ್ವಕ್ಕೆ ತಿರುಗಿಸಿ, ಸೂರನ್ನು ಆರೂವರೆ ಅಡಿಗೆ ಇಳಿಸಿದೆ. ಶಾಲೆ ರಸ್ತೆಗೆ ಬೆನ್ನು ಹಾಕಿತು ಅಂತ ತಕರಾರಾಯಿತು. ಹಾಕಲಿ.

ಬರೀ ತಗಡಾದರೆ ಪುನರ್ವಸು ಮಳೆಗೆ ಮೇಷ್ಟ್ರ ದನಿ ಮುಂದಿನ ಸಾಲಿಗೂ ಕೇಳಲ್ಲ. ಬರೀ ಹೆಂಚಾದರೆ ಮಂಗ ಉಳಿಸಲ್ಲ. ಕೆಳಗೆ ತಗಡು, ಮೇಲೆ ಹಳೇ ಮನೆ ಕಿತ್ತಾಗ ಸಿಕ್ಕ ಮಂಗಳೂರು ಹೆಂಚು, ನಡುನಡುವೆ ಗಾಜಿನ ಹೆಂಚು. ಬೆಳಕು ಇಳಿಯಲೆಂದು ಗಾಜಿನ ಹೆಂಚಿನಡಿ ತಗಡು ಕೊಯ್ದ ಜಾಗ ಸೋರದ ಹಾಗೆ ಮಾಡಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಮಕ್ಕಳು ಮಾಡಿದ್ದನ್ನು ತಲೆ ಮೇಲೆ ತೂಗುಹಾಕುವ ಕಲಿಕಾ ಚಪ್ಪರದ ದಾರವನ್ನು ಕಿಟಕಿ ಸರಳಿಗೆ ಕಟ್ಟುವ ಪಾಡು ಬೇಡವೆಂದು ಮಾಡಿನ ಪಕಾಸಿಗೇ (ಹೆಂಚು ಹೊರುವ ಇಳಿಜಾರು ತೊಲೆ) ಕೊಕ್ಕೆ ಹೊಡೆಸಿದೆ. ಖರ್ಚು ಐನೂರೂ ಆಗಿಲ್ಲ.

ಅನುದಾನ 14 ಲಕ್ಷದ ಆಸುಪಾಸು, ಊರವರದ್ದು ಎರಡೂವರೆ. ಜಂಬಿಟ್ಟಿಗೆ ಕಲ್ಲು ಲಾರಿ ಬಾಡಿಗೆ ಸೇರಿ 45-50 ರೂಪಾಯಿಗೆ ಬಿತ್ತು. ಕೈ ಸುಟ್ಟಿದ್ದು ಕೋಣೆಗಳ ನಡುವಿನ ಮಡಚುವ ಬಾಗಿಲಲ್ಲಿ. ನೀರಿಗೆ ಜಗ್ಗಲ್ಲ ಅಂತ ಅಂಗಡಿಯವನು ಆಣೆ ಹಾಕಿ ಕೊಟ್ಟ ಪ್ಲೈವುಡ್ ಜುಲೈ ಹೊತ್ತಿಗೆ ಉಬ್ಬಿ, ನಾಲ್ಕು ಜನ ತಳ್ಳಿದರೂ ಅಲ್ಲಾಡಲಿಲ್ಲ. ಅರವತ್ತು ಸಾವಿರ ನೀರಲ್ಲಿ ಹೋಯಿತು. ಆಮೇಲೆ ಹಲಸಿನ ಹಲಗೆ, ಕೆಳಗೆ ಒಂದಿಂಚು ಸಂದಿ. ಈಗ ಐದನೇ ಕ್ಲಾಸಿನ ಹುಡುಗಿ ಒಬ್ಬಳೇ ಎಳೆಯುತ್ತಾಳೆ.

ನಡುವೆ ಒಂದು ಹುಚ್ಚು: ಸೂರಿನ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಗೆರೆ ಹಾಕಿದ ಡ್ರಮ್ಮಿಗೆ ಬಿಟ್ಟು, ಮಕ್ಕಳು ಹವಾಮಾನ ನಕ್ಷೆ ಬರೆಯುವಾಗ ಅದನ್ನೂ ಬರೆಯಲಿ ಅಂದೆ. ಆ ಡ್ರಮ್ಮು ನಮ್ಮ ಮಳೆಗೆ ಎಲ್ಲಿ ತಡೆಯುತ್ತೆ, ಅರ್ಧ ದಿನಕ್ಕೇ ತುಂಬಿ ಹರಿಯುತ್ತಿತ್ತು. ಮಕ್ಕಳು ಎಷ್ಟು ಹೊತ್ತಿಗೆ ತುಂಬಿತು ಅಂತ ಬರೆಯಲು ಶುರುಮಾಡಿದರು, ಅದೇ ಉಳಿಯಿತು.

ಊರಿನ ಬಳಕೆಗೆ ಮುಖ್ಯವಾದದ್ದು ಬೀಗ. ಕೋಣೆಗಳಿಗೆ ಬೀಗ ಬಿದ್ದರೂ ಜಗಲಿ, ಶೌಚಾಲಯ, ನೀರು ಹೊರಗೆ ಉಳಿಯಬೇಕು. ಗ್ರಾಮಸಭೆ, ಸ್ತ್ರೀಶಕ್ತಿ ಸಂಘ, ತಾಳಮದ್ದಳೆ ಎಲ್ಲ ಅಲ್ಲೇ. ಜಗಲಿ ಲೈಟಿಗೆ ಬೇರೆ ಮೀಟರ್ ಇಟ್ಟಿದ್ದೇನೆ. ಕಾರ್ಯಕ್ರಮ ಮಾಡಿದವರೇ ಆ ಯೂನಿಟ್ಟಿನ ದುಡ್ಡು ಕೊಡುತ್ತಾರೆ. ಅದಿಲ್ಲದಿದ್ದರೆ ಹೆಡ್‌ಮಾಸ್ಟರು ಖಂಡಿತ ಒಪ್ಪುತ್ತಿರಲಿಲ್ಲ.