ಭೋಗ್ಯಕ್ಕೆ ಮನೆ ಹಾಕಿಕೊಳ್ಳುವ ಮುನ್ನ: ಬೆಂಗಳೂರಿನಲ್ಲಿ, ಸೋಲ್‌ನಲ್ಲಿ

ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು ಬೆಂಗಳೂರಿನಲ್ಲಿ ಭೋಗ್ಯ ಅಥವಾ ಲೀಸ್. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಇದಕ್ಕೇ ಜೊನ್ಸೆ ಎನ್ನುತ್ತಾರೆ. ಅಪಾಯ ಎರಡೂ ಕಡೆ ಒಂದೇ. ಮನೆಯ ಮೇಲೆ ಮೊದಲೇ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ, ಹರಾಜಿನ ಹಣದಲ್ಲಿ ಬ್ಯಾಂಕಿಗೇ ಮೊದಲ ಪಾಲು.

ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಡುವ ಮೊದಲೇ ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ. ಅಡಮಾನದ ನಮೂದಿದ್ದರೆ ಸಾಲ ತೀರಿದ ಪತ್ರ ಕೇಳಿ. ಇಸಿ ಖಾಲಿಯಿದ್ದರೂ ನಿಶ್ಚಿಂತೆಯಿಲ್ಲ: ಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಅದರಲ್ಲಿ ಕಾಣುವುದೇ ಇಲ್ಲ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಬರೀ ಜೆರಾಕ್ಸ್ ತೋರಿಸಿದರೆ ಎದ್ದು ಬನ್ನಿ. ಪತ್ರದಲ್ಲಿರುವ ಎಲ್ಲ ಮಾಲೀಕರೂ ಸಹಿ ಹಾಕಬೇಕು. ಮಾಲೀಕರಿಂದ ಬಾಡಿಗೆಗೆ ಪಡೆದು ನಿಮಗೆ ಲೀಸ್‌ಗೆ ಕೊಡುವ ಮಧ್ಯವರ್ತಿಗಳಿಂದ ದೂರವಿರಿ. ಅವರು ಬಾಡಿಗೆ ನಿಲ್ಲಿಸಿದರೆ ಮಾಲೀಕರು ನಿಮ್ಮ ಬಾಗಿಲಿಗೇ ಬರುತ್ತಾರೆ, ನಿಮ್ಮ ಹಣ ಮಾತ್ರ ಮಾಲೀಕರ ಕೈ ಸೇರಿರುವುದಿಲ್ಲ.

11 ತಿಂಗಳ ಕರಾರು ಬಾಡಿಗೆಗೆ ಸರಿ, ಲಕ್ಷಗಟ್ಟಲೆ ಹಣಕ್ಕಲ್ಲ. ಒಂದು ವರ್ಷ ಮೀರಿದ ಲೀಸನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಸೋಲ್‌ನಲ್ಲಿ ನೆಲೆಸುವ ಕನ್ನಡಿಗರು ಬಾಕಿ ಹಣ ಕೊಡುವ ದಿನವೇ ಆಸ್ತಿ ದಾಖಲೆಯನ್ನು ಮತ್ತೊಮ್ಮೆ ತೆಗೆಸಿ ನೋಡಬೇಕು. ಅಂದೇ ವಿಳಾಸ ಬದಲಾವಣೆ ದಾಖಲಿಸಿ, ಕರಾರಿನ ಮೇಲೆ ದಿನಾಂಕದ ಅಧಿಕೃತ ಮುದ್ರೆ ಹಾಕಿಸಿ. ಇವುಗಳಿಂದ ನಿಮ್ಮ ಹಣಕ್ಕೆ ಸಿಗುವ ರಕ್ಷಣೆ ಜಾರಿಯಾಗುವುದು ಮರುದಿನ 0 ಗಂಟೆಯಿಂದ. ಮಾಲೀಕರು ಅದೇ ದಿನ ಸಾಲ ತೆಗೆದರೆ ಬ್ಯಾಂಕು ನಿಮಗಿಂತ ಮುಂದಾಗುತ್ತದೆ. ಆದ್ದರಿಂದ ಮರುದಿನದವರೆಗೆ ಹೊಸ ಅಡಮಾನ ಮಾಡಬಾರದೆಂಬ ಷರತ್ತನ್ನು ಕರಾರಿನಲ್ಲೇ ಬರೆಸಿ.