ಲಾಲ್‌ಬಾಗ್‌ನಲ್ಲಿ ಭೇಟಿಗೊಂದು ಮರ

ಮರಗಳನ್ನು ಗುರುತಿಸಲು ಕಲಿಯಬೇಕೆಂಬ ಹಟದಿಂದ ಲಾಲ್‌ಬಾಗ್‌ಗೆ ಹೋದ ಮೊದಲ ದಿನ, ಕಾಂಡಕ್ಕೆ ಹೆಸರಿನ ಫಲಕವಿದ್ದ ಮರಗಳನ್ನೆಲ್ಲ ಹುಡುಕಿ, 40ಕ್ಕೂ ಹೆಚ್ಚು ಹೆಸರುಗಳನ್ನು ಬರೆದುಕೊಂಡು ಬಂದಿದ್ದೆ. ಮಾರನೆಯ ವಾರ ಅದೇ ದಾರಿಯಲ್ಲಿ ನಡೆದಾಗ ಪುಸ್ತಕ ತೆರೆಯದೆ ಗುರುತು ಹಿಡಿದದ್ದು ಮಾವು, ಹಲಸು ಎರಡನ್ನೇ; ಅವು ನನಗೆ ಬಾಲ್ಯದಿಂದಲೂ ಗೊತ್ತಿದ್ದವು. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಬೆಳೆಸಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಸುಮಾರು 240 ಎಕರೆಯ ತೋಟವನ್ನು ಒಂದೇ ಬೆಳಗ್ಗೆ ಓದಿ ಮುಗಿಸಲು ಹೊರಟಿದ್ದೆನಲ್ಲ! ಅಂದಿನಿಂದ ಒಂದು ಭೇಟಿಗೆ ಒಂದೇ ಮರ ಎಂದು ಗೊತ್ತುಮಾಡಿಕೊಂಡೆ.

ಮೊದಲು ಆರಿಸಿಕೊಂಡದ್ದು ನಾಗಲಿಂಗವನ್ನು. ಹೂಗಳು ಕೊಂಬೆಯ ತುದಿಯಲ್ಲಿರದೆ ಕಾಂಡದಿಂದಲೇ ಹೊರಟ ಉದ್ದನೆಯ ಜೋಲುಗಡ್ಡಿಗಳಲ್ಲಿ ಬಿಡುತ್ತವೆಯಾದ್ದರಿಂದ ಕತ್ತೆತ್ತಿ ನೋಡುವ ಕಷ್ಟವಿಲ್ಲ. ನೆಲಕ್ಕೆ ಬಿದ್ದಿದ್ದ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿದೆ: ಆರು ದಪ್ಪ ಎಸಳು, ನಡುವೆ ಕೇಸರಗಳ ಪುಟ್ಟ ಬಳೆ, ಅದರ ಮೇಲೆ ಬಾಗಿದ ಹೆಡೆ. ಬಳೆಯ ಪರಾಗದಿಂದ ಕಾಯಿ ಕಟ್ಟುತ್ತದೆ. ಹೆಡೆಯ ಪರಾಗ ಬಂಜೆ, ಅದು ದುಂಬಿಗಳಿಗೆ ಇಟ್ಟ ಊಟ. ಶಿವಾಲಯಗಳ ಅಂಗಳದಲ್ಲಿ ನೋಡಿ ಇದು ನಮ್ಮದೇ ಮರವೆಂದು ನಂಬಿದ್ದ ನನಗೆ, ಇದರ ಮೂಲ ದಕ್ಷಿಣ ಅಮೆರಿಕವೆಂದು ತಿಳಿದಾಗ ಸ್ವಲ್ಪ ಬೇಸರವೇ ಆಯಿತು. ಪರಿಮಳಕ್ಕೆ ಮರುಳಾಗಿ ಹೂವನ್ನು ಪುಸ್ತಕದ ನಡುವೆ ಒತ್ತಿಟ್ಟದ್ದು ಮಾತ್ರ ಅವಿವೇಕ. ಎಸಳುಗಳು ಕೊಳೆತು ನಾಲ್ಕು ಪುಟ ಹಾಳಾದವು. ಈಗ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳುತ್ತೇನೆ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಜನರೆಲ್ಲ ಗಾಜಿನ ಮನೆಯ ಕಡೆಗೇ ನುಗ್ಗುವ ಆ ದಿನಗಳಲ್ಲಿ ಒಂದು ಮರದ ಬುಡದಲ್ಲಿ ಅರ್ಧ ಗಂಟೆ ನಿಲ್ಲುವುದು ಆಗದ ಮಾತು. ಉಳಿದಂತೆ ಯಾವ ತಿಂಗಳಾದರೂ ಸರಿಯೇ. ಇಲ್ಲಿ ಅಧೀಕ್ಷಕರಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳಿ ವರ್ಷವಿಡೀ ಬೆಂಗಳೂರಿನಲ್ಲಿ ಹೂವಿರುವಂತೆ ಮರಗಳನ್ನು ಆಯ್ದು ನೆಡಿಸಿದವರು.

ಹಲಗೆಯಂಥ ಬೇರುಗಳನ್ನು ಹರಡಿ ನಿಂತ ಹಳೆಯ ಬಿಳಿಬೂರುಗದ ಪುಟದಲ್ಲಿ ಕಾಯಿ, ಹತ್ತಿ, ಎಲೆ ಎಲ್ಲವೂ ಇವೆ. ಹೂವಿನ ಜಾಗವಷ್ಟೇ ಖಾಲಿ. ಅದು ಅರಳುವುದು ರಾತ್ರಿ, ಬಾವಲಿಗಳಿಗಾಗಿ. ತೋಟದ ಗೇಟು ಸಂಜೆ 7ಕ್ಕೇ ಮುಚ್ಚುತ್ತದೆ, ಉದುರಿದ್ದನ್ನು ನಾನು ತಲುಪುವಷ್ಟರಲ್ಲಿ ಗುಡಿಸಿರುತ್ತಾರೆ.