429 ಕೋಟಿಯ ಸಂಖ್ಯೆಯನ್ನು ಹಾಳೆಯ ಮೇಲೆ ಒಡೆಯುವುದು ಹೇಗೆ?

4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಮೂವತ್ತೆರಡು 2ಗಳನ್ನು ಒಂದಕ್ಕೊಂದು ಗುಣಿಸಿ 1 ಕೂಡಿಸಿದರೆ ಈ ಸಂಖ್ಯೆ ಸಿಗುತ್ತದೆ. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ ನಂಬಿದ್ದರು. ನಂಬಲು ಕಾರಣವೂ ಇತ್ತು. ಹೀಗೇ ಒಂದು, ಎರಡು, ನಾಲ್ಕು, ಎಂಟು, ಹದಿನಾರು 2ಗಳ ಗುಣಲಬ್ಧಕ್ಕೆ 1 ಕೂಡಿಸಿದರೆ ಸಿಗುವ 3, 5, 17, 257, 65537 ಎಲ್ಲವೂ ಅವಿಭಾಜ್ಯಗಳೇ. ಆದರೆ 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಇದನ್ನು ಎರಡು ತುಂಡು ಮಾಡಿದರು. ಅದನ್ನೇ ನಾವೂ ಮಾಡೋಣ. ಪೆನ್ನು, ಹಾಳೆ ಸಾಕು.

ಮೊದಲು ಸುಲಭದ ಪರೀಕ್ಷೆಗಳು. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 59, ಆದ್ದರಿಂದ 3 ಕೂಡ ಇಲ್ಲ.

ಹೀಗೇ ಒಂದೊಂದಾಗಿ ಭಾಗಿಸುತ್ತ ಹೋದರೆ ವರ್ಗಮೂಲದವರೆಗೆ, ಅಂದರೆ 65536ರವರೆಗೆ ಹೋಗಬೇಕು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ! ಇಲ್ಲಿ ನಮ್ಮನ್ನು ಕಾಪಾಡುವುದು ಒಂದು ನಿಯಮ. ಆಯ್ಲರ್ ಕಂಡುಕೊಂಡ ಇದನ್ನು 1878ರಲ್ಲಿ ಎಡ್ವರ್ಡ್ ಲ್ಯೂಕಾ ಇನ್ನಷ್ಟು ಬಿಗಿ ಮಾಡಿದರು. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಏನೇ ಇದ್ದರೂ, ಅದನ್ನು 128ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂಥವನ್ನು ಬರೆದುಕೊಳ್ಳಿ: 129, 257, 385, 513, 641. ಇವುಗಳಲ್ಲಿ ಅವಿಭಾಜ್ಯಗಳು 257 ಮತ್ತು 641 ಮಾತ್ರ. 257ರಿಂದ ಭಾಗಿಸಿದರೆ 2 ಉಳಿಯುತ್ತದೆ. ಇನ್ನು 641.

ಹತ್ತು ಅಂಕಿಯ ಭಾಗಾಕಾರ ಬೇಡ. ನಡುನಡುವೆ ಶೇಷ ತೆಗೆದುಕೊಂಡರೂ ಕೊನೆಯ ಶೇಷ ಬದಲಾಗುವುದಿಲ್ಲ, ಅದೇ ನಮ್ಮ ದಾರಿ. ಹದಿನಾರು 2ಗಳ ಗುಣಲಬ್ಧ 65536. ಅದರಲ್ಲಿ 641 × 102 = 65382 ಕಳೆದರೆ 154. ಈಗ ಇದನ್ನು ವರ್ಗ ಮಾಡಿ: 154 × 154 = 23716. ಅದರಲ್ಲಿ 641 × 36 = 23076 ಕಳೆದರೆ 640. ಮೂವತ್ತೆರಡು 2ಗಳ ಗುಣಲಬ್ಧದ ಶೇಷ ಇದೇ. ಬಾಕಿಯಿದ್ದ 1 ಕೂಡಿಸಿ: 641. ಅಂದರೆ ಶೇಷ ಸೊನ್ನೆ! ಎರಡೇ ಎರಡು ಕಳೆಯುವ ಲೆಕ್ಕದಲ್ಲಿ 429 ಕೋಟಿ ಒಡೆಯಿತು. ನನಗಂತೂ ಇದು ಎಷ್ಟು ಸಲ ಮಾಡಿದರೂ ಖುಷಿ ಕೊಡುವ ಲೆಕ್ಕ.

ಇನ್ನೊಂದು ತುಂಡು 6700417. ಇದು ಮತ್ತೆ ಒಡೆಯುತ್ತದಾ? ಸುಮ್ನೆ ಊಹೆ ಬೇಡ, ನೋಡಿಬಿಡೋಣ. ಇದರ ವರ್ಗಮೂಲ 2588ಕ್ಕಿಂತ ತುಸು ಜಾಸ್ತಿ. ಇದರ ಅಪವರ್ತನ ಮೂಲ ಸಂಖ್ಯೆಗೂ ಅಪವರ್ತನವೇ, ಹಾಗಾಗಿ ಅದೇ 128ರ ನಿಯಮ ಹಾಕಿದರೆ ಪರೀಕ್ಷಿಸಲು ಉಳಿಯುವುದು ಐದೇ: 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಲ್ಲ, ಹಾಗಾಗಿ ಇದು ಅವಿಭಾಜ್ಯ.

ಅಪವರ್ತನ ಸಿಕ್ಕ ಮೇಲೆ ಉಳಿದದ್ದು ಸಲೀಸು. ಭಾಜಕಗಳು ನಾಲ್ಕು: 1, 641, 6700417 ಮತ್ತು ಆ ಸಂಖ್ಯೆಯೇ. ಅವುಗಳ ಮೊತ್ತ 642 × 6700418, ಅಂದರೆ 4301668356.

ರುಚಿ ಹತ್ತಿದ್ದರೆ ಮುಂದಿನದನ್ನೂ ನೋಡಿ. ಅರವತ್ನಾಲ್ಕು 2ಗಳ ಗುಣಲಬ್ಧಕ್ಕೆ 1 ಸೇರಿಸಿದರೆ 20 ಅಂಕಿಯ ಸಂಖ್ಯೆ. ಅದರ ಒಂದು ಅಪವರ್ತನ 274177. ಮೇಲಿನ ಹಾಗೆಯೇ 65536ರಿಂದ ಶುರು ಮಾಡಿ, ಎರಡು ಸಲ ವರ್ಗ ಮಾಡಿ ಶೇಷ ತೆಗೆಯಿರಿ. 274176 ಬಂದರೆ ನಿಮ್ಮ ಲೆಕ್ಕ ಸರಿ.